ಕೇಶಪೋಷಣೆಯೂ ಪಚನಾಂಗಗಳೂ

ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುವ ರೂಢಿ ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಉಂಟು. ಆಗಾಗ್ಗೆ ಓಣಿಗೆ ಬರುವ ವ್ಯಾಪಾರಿಗಳು ಅದನ್ನು ತೂಗಿಕೊಂಡು, ಬದಲಿಗೆ ಪಾತ್ರೆಯನ್ನೋ ಪಿನ್ನು ಬಳೆಗಳನ್ನೋ ಕೊಟ್ಟು ಹೋಗುತ್ತಾರೆ. ಹೀಗೆ ಕೂಡಿದ ಕೂದಲು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಂತಹ ಊರುಗಳನ್ನು ಸೇರಿ, ಅಲ್ಲಿ ಸಿಕ್ಕು ಬಿಡಿಸಿಕೊಂಡು, ಉದ್ದಕ್ಕೆ ತಕ್ಕಂತೆ ವಿಂಗಡವಾಗಿ ಹೊರದೇಶಗಳಿಗೆ ರಫ್ತಾಗುತ್ತದೆ. ಪೇಟೆಯಲ್ಲಿ ಇಷ್ಟು ಬೆಲೆಯುಳ್ಳ ಈ ವಸ್ತುವಿಗೆ ಶರೀರದ ಒಳವ್ಯವಹಾರದಲ್ಲಿ ಮಾತ್ರ ಕಡೆಯ ಪಂಕ್ತಿ. ಉಂಡ ಆಹಾರದಲ್ಲಿ ಹೃದಯ, ಮೆದುಳು, ಯಕೃತ್ತು, ರಕ್ತ ಮೊದಲಾದವು ತಮ್ಮ ತಮ್ಮ ಪಾಲನ್ನು ಪಡೆದ ಮೇಲೆ ಉಳಿದುದು ಕೂದಲಿಗೆ. ಕೊರತೆ ಬಿದ್ದಾಗ ಮೊದಲು ಕಡಿತವಾಗುವುದೂ ಅದರ ಪಾಲೇ. ಆದ್ದರಿಂದಲೇ ಕೂದಲು ಉದುರಿದಾಗ ತಲೆಯ ಮೇಲಕ್ಕಿಂತ ಹೊಟ್ಟೆಯ ಒಳಗೆ ನೋಡಬೇಕಾದ ಸಂದರ್ಭಗಳು ಜನರು ಎಣಿಸಿರುವುದಕ್ಕಿಂತ ಹೆಚ್ಚು.

ಕಣ್ಣಿಗೆ ಕಾಣುವ ಕೂದಲು ನಿರ್ಜೀವ ವಸ್ತು. ಕತ್ತರಿಸಿದರೆ ನೋಯದಿರುವುದಕ್ಕೆ ಇದೇ ಕಾರಣ. ಅದರ ಬಹುಭಾಗ ಕೆರಾಟಿನ್ ಎಂಬ ಸಸಾರಜನಕ. ಅದರಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಘಟಕ ಹೇರಳವಾಗಿದೆ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ಕಮಟು ವಾಸನೆಗೆ ಈ ಗಂಧಕವೇ ಕಾರಣ. ಜೀವವಿರುವುದು ಚರ್ಮದ ಒಳಗೆ, ಕೇಶಕೂಪದ ತಳದಲ್ಲಿ. ಅಲ್ಲಿ ಸೂಕ್ಷ್ಮ ರಕ್ತನಾಳಗಳ ಸುತ್ತ ನೆಲೆಸಿರುವ ಜೀವಕೋಶಗಳು ಹಗಲೂ ರಾತ್ರಿ ಒಡೆದು ಎರಡಾಗುತ್ತ, ಮೇಲಕ್ಕೆ ತಳ್ಳಲ್ಪಡುತ್ತ, ಗಟ್ಟಿಯಾಗಿ, ಸತ್ತು ಎಳೆಯಾಗುತ್ತವೆ. ನೆತ್ತಿಯ ಮೇಲೆ ಇಂತಹ ಕೂಪಗಳು ಸುಮಾರು ಒಂದು ಲಕ್ಷ. ಒಂದೊಂದು ಎಳೆಯೂ ತಿಂಗಳಿಗೆ ಹೆಚ್ಚು ಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಎಳೆಯೊಂದರ ಲೆಕ್ಕ ಅಲ್ಪವೆನಿಸಬಹುದು; ಒಂದು ಲಕ್ಷ ಎಳೆಗಳನ್ನು ಕೂಡಿಸಿದರೆ ತಿಂಗಳಿಗೆ ಒಂದು ಕಿಲೋಮೀಟರ್ ಉದ್ದದ ನೂಲನ್ನು ತಲೆ ನೇಯ್ದಂತಾಯಿತು. ಇಷ್ಟು ನೂಲಿಗೆ ಬೇಕಾದ ಸಸಾರಜನಕ, ಕಬ್ಬಿಣ, ಸತು, ಜೀವಸತ್ವಗಳೆಲ್ಲ ರಕ್ತದ ಮೂಲಕವೇ ಬರಬೇಕು. ರಕ್ತಕ್ಕೆ ಕರುಳಿನಿಂದಲೇ ಬರಬೇಕು. ಬೇರೆ ದಾರಿಯಿಲ್ಲ.

ಕೂದಲು ಎಡೆಬಿಡದೆ ಬೆಳೆಯುವುದಿಲ್ಲ. ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಕುಗ್ಗಿ, ಅನಂತರ ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಕೂಪದಿಂದ ಹೊಸ ಎಳೆ ಏಳುತ್ತದೆ. ಆರೋಗ್ಯವಂತರ ತಲೆಯಲ್ಲಿ ನೂರಕ್ಕೆ 85ರಿಂದ 90 ಕೂದಲು ಬೆಳವಣಿಗೆಯ ಹಂತದಲ್ಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಶರೀರಕ್ಕೆ ದೊಡ್ಡ ಆಘಾತವೊದಗಿದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಮ್ಮೆಗೇ ವಿಶ್ರಾಂತಿಗೆ ಸರಿಯುತ್ತವೆ. ಆದರೆ ಅವು ಉದುರುವುದು ಆ ದಿನವಲ್ಲ, ಎರಡು ಮೂರು ತಿಂಗಳ ಮೇಲೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಆದರೆ ವಿಷಮಶೀತ ಜ್ವರದಿಂದ ಎದ್ದವರ ತಲೆ ಬೋಳಾಗುವುದನ್ನು ನಮ್ಮ ಹಿರಿಯರು ಅದಕ್ಕೂ ಹಿಂದಿನಿಂದ ಕಂಡಿದ್ದರು. ಆ ಜ್ವರದ ರೋಗಾಣು ದೇಹವನ್ನು ಹೊಗುವುದು ಕರುಳಿನ ಮೂಲಕ ಎಂಬುದನ್ನು ಇಲ್ಲಿ ನೆನೆಯಬೇಕು. ಬಾಣಂತಿಯರಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರುವುದೂ, 2020-21ರ ಕೋವಿಡ್ ಜ್ವರದ ತರುವಾಯ ಅನೇಕರು ಕಂಗೆಟ್ಟುದೂ ಇದೇ ಜಾತಿಯದು. ಈ ಅಂತರವನ್ನು ಅರಿಯದವರು ನಿನ್ನೆ ಬದಲಾಯಿಸಿದ ಸೀಗೆಪುಡಿಯನ್ನೋ ಸಾಬೂನನ್ನೋ ಊರಿನ ನೀರನ್ನೋ ದೂರುತ್ತಾರೆ; ನಿಜವಾದ ಕಾರಣ ಕಳೆದ ಋತುವಿನಲ್ಲಿರುತ್ತದೆ.

ಇನ್ನು ಪಚನಾಂಗಗಳತ್ತ ಬರೋಣ. ಬಾಯಲ್ಲಿ ಅಗಿದ ತುತ್ತು ಜಠರವನ್ನು ಸೇರಿ ಅಲ್ಲಿಯ ಆಮ್ಲದಲ್ಲಿ ನೆನೆಯುತ್ತದೆ. ಆಮ್ಲದ ನೆರವಿನಿಂದ ಪೆಪ್ಸಿನ್ ಎಂಬ ಕಿಣ್ವ ಸಸಾರಜನಕವನ್ನು ತುಂಡರಿಸಲು ತೊಡಗುತ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸವೂ ಪಿತ್ತರಸವೂ ಬಂದು ಸೇರಿ ಉಳಿದ ಕೆಲಸವನ್ನು ಮುಗಿಸುತ್ತವೆ. ಬೇಳೆಯಲ್ಲಿದ್ದ ಸಸಾರಜನಕ ಬೇಳೆಯ ರೂಪದಲ್ಲೇ ಕೂದಲನ್ನು ಸೇರುವುದಿಲ್ಲ. ಅಮೈನೊ ಆಮ್ಲಗಳೆಂಬ ಬಿಡಿ ಮಣಿಗಳಾಗಿ ಒಡೆದು, ಕರುಳಿನ ಗೋಡೆಯನ್ನು ದಾಟಿ, ಕೇಶಕೂಪದಲ್ಲಿ ಮತ್ತೆ ಪೋಣಿಸಲ್ಪಡುತ್ತದೆ. ಆ ದಾಟುವಿಕೆಯೇ ಎಲ್ಲಕ್ಕೂ ಕಷ್ಟದ ಘಟ್ಟ. ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ಸಣ್ಣ ಸಣ್ಣ ಎಳೆಗಳಿಂದ ತುಂಬಿದೆ. ಈ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಹೊಸದಾಗಿ ಅಳೆದು, ಅದು ಸುಮಾರು 30 ಚದರ ಮೀಟರ್, ಎಂದರೆ ಬ್ಯಾಡ್‌ಮಿಂಟನ್ ಅಂಗಳದ ಅರ್ಧದಷ್ಟು ಮಾತ್ರ ಎಂದು ತೋರಿಸಿಕೊಟ್ಟರು. ಟೆನಿಸ್ ಅಂಗಳವೆಂದೇ ಈಗಲೂ ಬರೆಸುವ ಉಪಾಧ್ಯಾಯರು ಇದನ್ನು ತಿದ್ದಿಕೊಳ್ಳಬಹುದು. ಅರ್ಧ ಅಂಗಳವಾದರೂ ಆರು ಮೀಟರ್ ಉದ್ದದ ಕೊಳವೆಯೊಂದರೊಳಗೆ ಅದು ಅಡಗಿರುವುದು ಸೋಜಿಗವೇ.

ಕರುಳಿಗೂ ಕೂದಲಿಗೂ ಇನ್ನೊಂದು ನಂಟಿದೆ. ಕರುಳಿನ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತವೆ. ಕೇಶಕೂಪದ ತಳದ ಜೀವಕೋಶಗಳೂ ಅಷ್ಟೇ ಚುರುಕು. ಅರ್ಬುದ ರೋಗಕ್ಕೆ ಕೊಡುವ ಅನೇಕ ಔಷಧಗಳು ಬೇಗ ಬೇಗ ಒಡೆಯುವ ಜೀವಕೋಶಗಳನ್ನು ಹುಡುಕಿ ಕೊಲ್ಲುವಂಥವು. ಆ ಕಾರಣ ರೋಗಿಯ ತಲೆಗೂದಲು ಉದುರುವುದೂ, ಬಾಯಿ ಹೊಟ್ಟೆಗಳು ಹುಣ್ಣಾಗುವುದೂ ಜೊತೆಜೊತೆಯಾಗಿ ಬರುತ್ತವೆ. ಬಿಡುವಿಲ್ಲದೆ ಹೊಸದಾಗುವ ಅಂಗಕ್ಕೆ ಬಿಡುವಿಲ್ಲದೆ ಸಾಮಗ್ರಿಯೂ ಬೇಕು.

ಉಣ್ಣುವುದು ಒಂದು, ದಕ್ಕುವುದು ಇನ್ನೊಂದು ಎಂಬುದನ್ನು ಸತುವಿನ ಕಥೆಯಷ್ಟು ಚೆನ್ನಾಗಿ ತಿಳಿಸುವುದು ಬೇರೊಂದಿಲ್ಲ. ಬಿಹಾರದ ಬಕ್ಸರಿನಲ್ಲಿ ಜನಿಸಿದ ಡಾ. ಆನಂದ ಪ್ರಸಾದ್ ಅವರು 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ ವೈದ್ಯರಾಗಿದ್ದರು. ಅಲ್ಲಿ ಅವರ ಮುಂದೆ ಬಂದ ರೋಗಿಗೆ ವಯಸ್ಸು 21. ನೋಡುವುದಕ್ಕೆ ಹತ್ತು ವರ್ಷದ ಹುಡುಗ. ಗಡ್ಡ ಮೀಸೆಗಳ ಸುಳಿವಿಲ್ಲ, ಕಂಕುಳಲ್ಲಿ ಕೂದಲಿಲ್ಲ, ಮೈಯಲ್ಲಿ ರಕ್ತವಿಲ್ಲ. ಅವನ ಆಹಾರ ಬಹುಮಟ್ಟಿಗೆ ಹುಳಿ ಹಿಡಿಸದ ಗೋದಿರೊಟ್ಟಿ. ಅದರ ಜೊತೆಗೆ ದಿನವೂ ಅರ್ಧ ಕಿಲೋದಷ್ಟು ಮಣ್ಣು ತಿನ್ನುವ ಚಾಳಿ ಬೇರೆ. ಹೊಟ್ಟೆಗೆ ಅನ್ನವಿಲ್ಲವೆನ್ನುವ ಹಾಗಿರಲಿಲ್ಲ, ರೊಟ್ಟಿ ಸಾಕಷ್ಟಿತ್ತು. ಇಂತಹ ಯುವಕರು ಆ ಪ್ರದೇಶದಲ್ಲಿ ಇನ್ನೂ ಇದ್ದರು. 1961ರಲ್ಲಿ ಪ್ರಸಾದರೂ ಅವರ ಸಹೋದ್ಯೋಗಿಗಳೂ ಈ ವಿಷಯವನ್ನು ಪ್ರಕಟಿಸಿದರು. ಕಬ್ಬಿಣದ ಕೊರತೆಯೊಂದೇ ಇದನ್ನೆಲ್ಲ ವಿವರಿಸಲಾರದು, ಸತುವಿನ ಕೊರತೆಯೂ ಇರಬೇಕೆಂಬುದು ಅವರ ಊಹೆ. ಮನುಷ್ಯರಲ್ಲಿ ಸತುವಿನ ಕೊರತೆ ಅಸಂಭವವೆಂದೇ ಆಗಿನ ವಿದ್ವಾಂಸರು ನಂಬಿದ್ದ ಕಾಲ ಅದು.

ಮುಂದೆ ಪ್ರಸಾದರು ಈಜಿಪ್ಟಿಗೆ ತೆರಳಿ, ಅಲ್ಲಿಯ ಹಳ್ಳಿಗಳಲ್ಲಿ ಇಂತಹದೇ ಯುವಕರನ್ನು ಕಂಡು, ಅವರ ರಕ್ತದಲ್ಲಿಯೂ ಕೂದಲಿನಲ್ಲಿಯೂ ಸತುವಿನ ಅಂಶ ಕಡಿಮೆಯಿರುವುದನ್ನು ಅಳೆದು ತೋರಿಸಿದರು. ಸತು ಕೊಟ್ಟ ಮೇಲೆ ಕೆಲವೇ ತಿಂಗಳುಗಳಲ್ಲಿ ಯೌವನದ ಕೂದಲು ಮೂಡಿತು. ವರ್ಷವೊಂದರಲ್ಲಿ ಐದಾರು ಅಂಗುಲ ಎತ್ತರ ಬೆಳೆದವರುಂಟು. ಹಾಗಾದರೆ ರೊಟ್ಟಿಯಲ್ಲಿ ಸತು ಇರಲಿಲ್ಲವೇ? ಇತ್ತು. ಆದರೆ ಗೋದಿಯ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಬಿಗಿಯಾಗಿ ಹಿಡಿದುಕೊಂಡು, ಕರುಳಿಗೆ ಬಿಟ್ಟುಕೊಡದೆ, ಮಲದೊಡನೆ ಹೊರಕ್ಕೆ ಸಾಗಿಸುತ್ತಿತ್ತು. ಪ್ರಸಾದರ ಮಾತನ್ನು ಲೋಕ ಒಪ್ಪಲು ಹತ್ತು ವರ್ಷಗಳ ಮೇಲೆ ಹಿಡಿಯಿತು; 1974ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ನಿತ್ಯದ ಆಹಾರದಲ್ಲಿ ಇಷ್ಟು ಸತು ಇರಬೇಕೆಂದು ಗೊತ್ತುಪಡಿಸಿತು. 2022ರಲ್ಲಿ ಅವರು ನಿಧನರಾದಾಗ ನಮ್ಮ ಪತ್ರಿಕೆಗಳಲ್ಲಿ ಆ ಸುದ್ದಿ ದೊಡ್ಡದಾಗದೆ ಹೋದುದು ವಿಷಾದದ ಸಂಗತಿ.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಇದೇ ಪಾಠವನ್ನು ಹಸುಗೂಸುಗಳು ಕಲಿಸಿದವು. ನಾರ್ವೆಯ ವೈದ್ಯರಾದ ಡಾನ್‌ಬೋಲ್ಟ್ ಮತ್ತು ಕ್ಲಾಸ್ 1942ರಲ್ಲಿ ವಿಚಿತ್ರವಾದ ಕಾಯಿಲೆಯೊಂದನ್ನು ವರ್ಣಿಸಿದ್ದರು: ಮಗು ತಾಯಿಯ ಹಾಲು ಬಿಟ್ಟ ಕೆಲದಿನಗಳಲ್ಲಿ ಬಾಯಿ, ಗುದ, ಕೈಕಾಲುಗಳ ಸುತ್ತ ಹುಣ್ಣು, ಬಿಡದ ಭೇದಿ, ತಲೆಗೂದಲೆಲ್ಲ ಉದುರುವಿಕೆ; ಕಡೆಗೆ ಎಷ್ಟೋ ಮಕ್ಕಳ ಸಾವು. ಚರ್ಮ, ಕರುಳು, ಕೂದಲು ಈ ಮೂರನ್ನು ಒಮ್ಮೆಗೇ ಹಿಡಿಯುವ ರೋಗದ ಮೂಲ ಮೂವತ್ತು ವರ್ಷಗಳ ಕಾಲ ಯಾರಿಗೂ ಹೊಳೆಯಲಿಲ್ಲ. 1973ರಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯ ಮೊಯ್ನಹನ್ ಅವರು ಇಂತಹ ಮಗುವೊಂದರ ರಕ್ತದಲ್ಲಿ ಸತು ತೀರ ಕಡಿಮೆಯಿರುವುದನ್ನು ಕಂಡು, ಬಾಯಿಯ ಮೂಲಕ ಸತುವನ್ನು ಕೊಟ್ಟುನೋಡಿದರು. ಭೇದಿ ನಿಂತಿತು, ಹುಣ್ಣು ಮಾಯಿತು, ಕೂದಲು ಮರಳಿ ಬಂದಿತು. ಕರುಳಿನಲ್ಲಿ ಸತುವನ್ನು ಒಳಕ್ಕೆ ಸೆಳೆಯುವ ದ್ವಾರವೊಂದು ಹುಟ್ಟಿನಿಂದಲೇ ಕೆಟ್ಟಿರುವುದು ಈ ರೋಗದ ಕಾರಣವೆಂದೂ, ಅದರ ವಂಶವಾಹಿ ಯಾವುದೆಂದೂ 2002ರಲ್ಲಿ ತಿಳಿದುಬಂದಿತು. ತಟ್ಟೆಯಲ್ಲಿ ಏನೂ ಕೊರತೆಯಿಲ್ಲದೆ ಬಾಗಿಲೊಂದು ಮುಚ್ಚಿದ್ದರಿಂದಲೇ ತಲೆ ಬೋಳಾದ ನಿದರ್ಶನವಿದು. ಅಪರೂಪದ ರೋಗ, ನಿಜ. ಆದರೆ ಭೇದಿಯಿಂದ ಸತು ಸೋರಿಹೋಗುವುದು, ಸತುವಿಲ್ಲದೆ ಭೇದಿ ಹೆಚ್ಚುವುದು, ಈ ವಿಷವರ್ತುಲ ಸಾಮಾನ್ಯ ಮಕ್ಕಳಲ್ಲಿಯೂ ಇದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫ್ ಸಂಸ್ಥೆಯೂ ಸೇರಿ ಭೇದಿಯಾದ ಮಕ್ಕಳಿಗೆ ಉಪ್ಪು-ಸಕ್ಕರೆಯ ದ್ರಾವಣದೊಡನೆ ಸತುವಿನ ಗುಳಿಗೆಯನ್ನೂ ಕೊಡಬೇಕೆಂದು ಸೂಚಿಸಿದುದು ಇದಕ್ಕಾಗಿಯೇ.

ಶಿರಾಜಿನ ರೊಟ್ಟಿಯ ಫೈಟೇಟ್ ನಮ್ಮ ರಾಗಿ, ಜೋಳ, ಬೇಳೆಕಾಳುಗಳಲ್ಲಿಯೂ ಇದೆ. ಹಾಗೆಂದು ಹೆದರಬೇಕಾದುದಿಲ್ಲ. ನಮ್ಮ ಅಡಿಗೆಮನೆಗಳು ಅದರ ಬಿಗಿಯನ್ನು ಸಡಿಲಿಸುವ ಉಪಾಯಗಳನ್ನು ಹೆಸರು ತಿಳಿಯದೆಯೇ ಬಳಸಿಕೊಂಡು ಬಂದಿವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಗಮನಾರ್ಹ. ಪ್ರಯೋಗಶಾಲೆಯಲ್ಲಿ ಜಠರ ಮತ್ತು ಕರುಳಿನ ಜೀರ್ಣಕ್ರಿಯೆಯನ್ನು ಅನುಕರಿಸಿ ನೋಡಿದಾಗ, ಹೆಸರು, ಕಡಲೆ, ರಾಗಿ ಇವುಗಳನ್ನು ಮೊಳಕೆ ಕಟ್ಟಿದರೆ ಅವುಗಳ ಕಬ್ಬಿಣ ಹೆಚ್ಚಾಗಿ ದೊರಕುತ್ತದೆಂದು ಕಂಡುಬಂದಿತು. ಸತುವಿನ ವಿಷಯದಲ್ಲಿ ಮೊಳಕೆ ಅಂತಹ ನೆರವಾಗಲಿಲ್ಲ. ಹೆಸರು, ರಾಗಿಗಳಲ್ಲಿ ಅದು ತುಸು ಇಳಿದುದೂ ಉಂಟು. ಇಡ್ಲಿ, ದೋಸೆಗಳ ಹಿಟ್ಟು ಹುದುಗಿದಾಗ ಮಾತ್ರ ಎರಡೂ ಏರಿದವು. ಮೊಳಕೆಕಾಳನ್ನು ಸರ್ವರೋಗಪರಿಹಾರವೆಂದು ಹೊಗಳುವವರು ಈ ವ್ಯತ್ಯಾಸವನ್ನು ಮನಗಾಣಬೇಕು. ಅದೇ ಸಂಸ್ಥೆಯಿಂದ 2010ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವು ಈರುಳ್ಳಿ ಬೆಳ್ಳುಳ್ಳಿಗಳು ಕಾಳುಕಡ್ಡಿಗಳ ಕಬ್ಬಿಣ ಮತ್ತು ಸತುಗಳೆರಡನ್ನೂ ಹೆಚ್ಚು ದೊರಕಿಸುತ್ತವೆಂದು ತೋರಿಸಿತು. ಜೋಳದ ರೊಟ್ಟಿಯ ಜೊತೆಗೆ ಹಸಿ ಉಳ್ಳಾಗಡ್ಡಿಯನ್ನು ಗುದ್ದಿ ತಿನ್ನುವ ರೈತನಿಗೆ ಈ ಸುದ್ದಿ ತಲಪಿದರೆ ಅವನು ನಕ್ಕಾನು.

ಇನ್ನು ಕಬ್ಬಿಣ. ಹೆಣ್ಣುಮಕ್ಕಳ ಮಟ್ಟಿಗೆ ಇದು ಕೂದಲಿಗಿಂತ ದೊಡ್ಡ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಎಂದರೆ ಪ್ರೌಢಶಾಲೆಯ ಮೇಲ್ತರಗತಿಯಲ್ಲಿ ಎರಡು ಜಡೆ ಹಾಕಿಕೊಂಡು ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು. ಕಬ್ಬಿಣದ ಕೊರತೆಗೂ ಕೂದಲುದುರುವಿಕೆಗೂ ಎಷ್ಟು ನೇರವಾದ ಸಂಬಂಧವೆಂಬುದರಲ್ಲಿ ವೈದ್ಯರಿಗೆ ಏಕಾಭಿಪ್ರಾಯವಿಲ್ಲ. ಆದರೆ ಕೂದಲು ತೆಳುವಾಯಿತೆಂದು ಬಂದ ಹುಡುಗಿಯ ರಕ್ತವನ್ನು ಪರೀಕ್ಷಿಸದೆ ಕಳುಹಿಸುವುದು ತಪ್ಪು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಜಡೆ ಸಣ್ಣದಾಯಿತೆಂಬ ಕೊರಗು ಮನೆಯವರಿಗೆ ಬೇಗ ಕಾಣುತ್ತದೆ. ಮೆಟ್ಟಿಲು ಹತ್ತುವಾಗ ಬರುವ ಏದುಸಿರು, ಪಾಠದ ನಡುವೆ ತೂಗುವ ತಲೆ, ಇವು ಸೋಮಾರಿತನವೆನಿಸಿಕೊಳ್ಳುತ್ತವೆ. ಎಣ್ಣೆಯ ಸೀಸೆಗೆ ಹಣ ಖರ್ಚಾಗುತ್ತದೆ, ರಕ್ತಹೀನತೆ ಉಳಿದೇ ಹೋಗುತ್ತದೆ.

ಸಸ್ಯಾಹಾರದಲ್ಲಿ ಕಬ್ಬಿಣವಿಲ್ಲವೆಂಬುದು ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 4.6, ಹುರಳಿಯಲ್ಲಿ ಸುಮಾರು 8.8 ಮಿಲಿಗ್ರಾಂ ಇದೆ. ಆದರೆ ಸಸ್ಯಮೂಲದ ಕಬ್ಬಿಣವನ್ನು ಕರುಳು ಜಿಪುಣತನದಿಂದ ಸ್ವೀಕರಿಸುತ್ತದೆ. ನೂರರಲ್ಲಿ ಐದರಿಂದ ಹತ್ತು ಪಾಲು ದಕ್ಕಿದರೆ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ವಿಧಿಸಿದುದು ಈ ನಷ್ಟವನ್ನು ಲೆಕ್ಕ ಹಿಡಿದೇ. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವ ಈ ಜಿಪುಣತನವನ್ನು ಕಳೆಯುತ್ತದೆ. ಚಹದ ಟ್ಯಾನಿನ್ ಅದನ್ನು ಹೆಚ್ಚಿಸುತ್ತದೆ. ಹುರಳಿಸಾರಿಗೆ ನಿಂಬೆಹಣ್ಣು ಹಿಂಡಿ ಉಂಡ ಹುಡುಗಿಗೂ, ಉಂಡು ಕೈ ತೊಳೆದ ಕೂಡಲೆ ಚಹ ಕುಡಿದವಳಿಗೂ ಒಂದೇ ಪಾತ್ರೆಯ ಸಾರಿನಿಂದ ದಕ್ಕುವ ಕಬ್ಬಿಣ ಬೇರೆ ಬೇರೆ. ಪ್ರಸಾದನಿಲಯಗಳಲ್ಲಿ ಊಟಕ್ಕೂ ಚಹಕ್ಕೂ ಒಂದೆರಡು ಗಂಟೆಯ ಅಂತರವಿಡುವುದಕ್ಕೆ ಕಾಸಿನ ಖರ್ಚೂ ಇಲ್ಲ. ದಕ್ಕಿದುದನ್ನು ಕದಿಯುವವರೂ ಇದ್ದಾರೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು ಸಣ್ಣ ಕರುಳಿನಲ್ಲಿ ನೆಲೆಸುವ ಕೊಕ್ಕೆಹುಳು ಅಲ್ಲಿಯ ರಕ್ತವನ್ನು ದಿನವೂ ಹೀರುತ್ತಿರುತ್ತದೆ. 2015ರಿಂದ ಫೆಬ್ರುವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಹುಳುವಿನ ಗುಳಿಗೆ ಕೊಡುತ್ತಿರುವುದೂ, ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣದ ಗುಳಿಗೆ ನುಂಗಿಸುವುದೂ ಒಂದೇ ಕಾರ್ಯದ ಎರಡು ಕೈಗಳು. ಆ ನೀಲಿ ಗುಳಿಗೆಯನ್ನು ಕಿಟಕಿಯಿಂದಾಚೆಗೆ ಎಸೆಯುವ ಮಕ್ಕಳಿಗೆ ಗದರಿಕೆಗಿಂತ, ಅದು ಏತಕ್ಕೆಂಬ ವಿವರಣೆ ಹೆಚ್ಚು ಕೆಲಸ ಮಾಡುತ್ತದೆ.

ಬಿ-12 ಜೀವಸತ್ವದ ಮಾತು ಬೇರೆ. ಅದು ಸಸ್ಯಗಳಲ್ಲಿಲ್ಲ, ಹಾಲು ಮೊಸರುಗಳೇ ಸಸ್ಯಾಹಾರಿಗಳಿಗೆ ಆಧಾರ. ಅದನ್ನು ಬರಮಾಡಿಕೊಳ್ಳಲು ಜಠರ ಸ್ರವಿಸುವ ವಿಶೇಷ ವಸ್ತುವೊಂದು ಬೇಕು, ಹೀರಿಕೊಳ್ಳುವ ತಾಣ ಸಣ್ಣ ಕರುಳಿನ ಕೊನೆ. ಹುಳಿತೇಗು, ಎದೆಯುರಿ ಎಂದು ವೈದ್ಯರನ್ನು ಕೇಳದೆ ಆಮ್ಲ ತಗ್ಗಿಸುವ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗುವವರು ಬಿ-12ನ್ನೂ ಕಬ್ಬಿಣವನ್ನೂ ಅಷ್ಟರಮಟ್ಟಿಗೆ ಕಳೆದುಕೊಳ್ಳುತ್ತಾರೆ.

ಪೇಟೆಯಲ್ಲಿ ಕೂದಲಿನ ಹೆಸರಿನಲ್ಲಿ ಅತಿಯಾಗಿ ಮಾರಾಟವಾಗುತ್ತಿರುವುದು ಬಯೋಟಿನ್ ಎಂಬ ಜೀವಸತ್ವ. ದಿನಕ್ಕೆ ಬೇಕಾದುದು 30ರಿಂದ 40 ಮೈಕ್ರೋಗ್ರಾಂ. ಕಾಳು, ಬೀಜ, ಹಾಲುಗಳಲ್ಲಿ ಅದು ಇದೆ. ಕರುಳಿನ ಸೂಕ್ಷ್ಮಜೀವಿಗಳೂ ಅದನ್ನು ತಯಾರಿಸುತ್ತವೆ. ಅದರ ಕೊರತೆ ಬಹಳ ವಿರಳ. ಆದರೂ ಒಂದು ಗುಳಿಗೆಯಲ್ಲಿ 10 ಮಿಲಿಗ್ರಾಂ, ಎಂದರೆ ಬೇಕಾದುದರ ಇನ್ನೂರೈವತ್ತು ಪಟ್ಟಿಗೆ ಕಡಿಮೆಯಿಲ್ಲದಷ್ಟು ತುಂಬಿ ಮಾರುವವರುಂಟು. ಹಣ ಪೋಲಾಗುವುದೊಂದೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇಷ್ಟೊಂದು ಬಯೋಟಿನ್ ರಕ್ತದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯೂ ಹೃದಯಾಘಾತವನ್ನು ಪತ್ತೆಹಚ್ಚುವ ಪರೀಕ್ಷೆಯೂ ತಪ್ಪು ಉತ್ತರ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ಎಚ್ಚರಿಸಿತು. ಥೈರಾಯ್ಡ್ ದೋಷವೂ ಕೂದಲನ್ನು ಉದುರಿಸುವಂಥದೇ ಆದ್ದರಿಂದ, ನಿಜವಾದ ರೋಗವನ್ನು ಈ ಗುಳಿಗೆ ಮರೆಮಾಚುವ ಅಪಾಯವಿದೆ. ಎ ಜೀವಸತ್ವ ಮತ್ತು ಸೆಲೆನಿಯಮ್‌ಗಳಂತೂ ಮಿತಿಮೀರಿದರೆ ತಾವೇ ಕೂದಲನ್ನು ಉದುರಿಸುತ್ತವೆ.

ಎಣ್ಣೆಗೆ ತನ್ನದೇ ಮರ್ಯಾದೆಯಿದೆ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಆಗುವ ಸಸಾರಜನಕದ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಮುಂಬಯಿಯ ಸಂಶೋಧಕರು ತೋರಿಸಿದರು. ಅದು ಇರುವ ಕೂದಲಿನ ರಕ್ಷಣೆ; ಬೇರಿಗೆ ಉಣಿಸು ಅಲ್ಲ. ಗಂಡಸರಲ್ಲಿ ಹಣೆಯಿಂದ ಹಿಂದಕ್ಕೆ ಸರಿಯುವ ಬೋಳಿಗೆ ಮುಖ್ಯವಾಗಿ ವಂಶ ಮತ್ತು ಪುರುಷ ಹಾರ್ಮೋನು ಕಾರಣ. ಅದನ್ನು ಯಾವ ಪಥ್ಯವೂ ತಡೆಯಲಾರದು. ತಂದೆ ತಾತಂದಿರ ಭಾವಚಿತ್ರಗಳನ್ನು ನೋಡಿಕೊಂಡು ಸಮಾಧಾನ ತಾಳುವುದೇ ಮೇಲು.

ಊಟದ ಕೊರತೆಯನ್ನು ಕೂದಲು ಎಷ್ಟು ನಿಖರವಾಗಿ ದಾಖಲಿಸುತ್ತದೆಂಬುದಕ್ಕೆ ಸಾಕ್ಷಿ ದೊರೆತುದು ಆಫ್ರಿಕದಲ್ಲಿ. ಈಗಿನ ಘಾನಾ, ಆಗಿನ ಗೋಲ್ಡ್ ಕೋಸ್ಟಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1933ರಲ್ಲಿ ಮಕ್ಕಳ ಕಾಯಿಲೆಯೊಂದನ್ನು ವರದಿ ಮಾಡಿ, ಮುಂದೆ ಅಲ್ಲಿಯ ತಾಯಂದಿರ ಮಾತಿನಿಂದಲೇ ಅದಕ್ಕೆ ಕ್ವಾಷಿಯೋರ್ಕರ್ ಎಂದು ಹೆಸರಿಟ್ಟರು. ಹೊಸ ಕೂಸು ಹುಟ್ಟಿದಾಗ ಎದೆಹಾಲು ತಪ್ಪಿದ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂಬ ಭಾವ ಆ ಮಾತಿನಲ್ಲಿದೆ. ಸಸಾರಜನಕವಿಲ್ಲದ ಗಂಜಿಯುಂಡ ಆ ಮಕ್ಕಳ ಕಾಲು ಬಾತು, ಹೊಟ್ಟೆ ಉಬ್ಬಿ, ಕರಿಯ ಕೂದಲು ಕೆಂಚಾಗಿ ಮುಟ್ಟಿದರೆ ಕೈಗೆ ಬರುವಷ್ಟು ಬಲಗೆಡುತ್ತಿತ್ತು. ಕೆಲ ತಿಂಗಳು ಹಾಲು ಬೇಳೆ ಸಿಕ್ಕಿ, ಮತ್ತೆ ತಪ್ಪಿ, ಮತ್ತೆ ಸಿಕ್ಕ ಮಗುವಿನ ಎಳೆಯಲ್ಲಿ ಕಪ್ಪು ಕೆಂಚುಗಳು ಬಾವುಟದ ಪಟ್ಟಿಗಳಂತೆ ಒಂದರ ಮೇಲೊಂದು ಕಾಣುತ್ತವೆ. ತಿಂಗಳಿಗೊಂದು ಸೆಂಟಿಮೀಟರಿನ ಲೆಕ್ಕದಲ್ಲಿ ಆ ಎಳೆಯನ್ನು ಬುಡದಿಂದ ತುದಿಯವರೆಗೆ ಓದಿದರೆ, ಮನೆಯಲ್ಲಿ ಯಾವ ತಿಂಗಳು ಉಣಿಸಿತ್ತು, ಯಾವ ತಿಂಗಳು ಇರಲಿಲ್ಲ ಎಂಬುದು ತಿಳಿಯುತ್ತದೆ. ಚೇತರಿಸಿಕೊಳ್ಳುತ್ತಿರುವ ಮಗುವಿನ ತುದಿಗೂದಲು ಕೆಂಚಾಗಿಯೇ ಇರುತ್ತದೆ. ಕಪ್ಪು ಮೊದಲು ಕಾಣುವುದು ನೆತ್ತಿಗೆ ತಾಗಿದ ಬುಡದಲ್ಲಿ, ಬೆರಳಗಲಕ್ಕಿಂತ ಕಿರಿದಾದ ಒಂದು ಪಟ್ಟಿಯಾಗಿ.